ಬಣ್ಣ ಮುಟ್ಟದ ಕಡೆಯೆ ಬಣ್ಣ ಬಂತು

ನಮ್ಮ ಮನೆಯಲ್ಲೊಂದು ಆಟ, ಸಮಸ್ಯಾಪೂರಣ: ಕೊಟ್ಟ ಒಂದು ಸಾಲಿಗೆ (ಅದೇ ಸಮಸ್ಯೆ) ಉಳಿದ ಸಾಲು ಕಟ್ಟಿ ಪದ್ಯ ಪೂರ್ತಿ ಮಾಡುವುದು. ಈ ವಾರದ ಸಮಸ್ಯೆ ಮೇಲಿನ ಸಾಲೇ. ನಾಲ್ಕು ಸಾಲಿನ ಚೌಪದಿಯ ಕೊನೆಯ ಪಾದ, ಐದು ಮಾತ್ರೆಯ (ಉಚ್ಚಾರದ ಅಳತೆ) ಗಣ, ಅಂದರೆ ಗುಂಪು; ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಣ್ಣ’. ಒಗಟಿನಂತಿದೆ, ಅಲ್ವಾ? ಜಲವರ್ಣದಲ್ಲಿ, ಅಂದರೆ ನೀರುಬಣ್ಣದಲ್ಲಿ, ಚಿತ್ರ ಬರೆಯುವವರಿಗೆ ಮಾತ್ರ ಇದು ದಿನನಿತ್ಯದ ಕೆಲಸ.

ಸಾಲು ಹೊಳೆದದ್ದು ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ಬರೆದ ಜಲವರ್ಣವೊಂದನ್ನು ನೋಡುತ್ತಿದ್ದಾಗ. ಒಂದು ನೀಲಿ ಪಾತ್ರೆ, ಪಕ್ಕದಲ್ಲಿ ಬಿಳಿ ಹಾಲಿನ ಜಗ್, ಒಂದಿಷ್ಟು ಸೇಬು. ಅಡುಗೆಮನೆ ಸಾಮಾನು, ಅಷ್ಟೆ. 1900–1906ರ ನಡುವೆ, ಬದುಕಿನ ಕೊನೆಯ ವರ್ಷಗಳಲ್ಲಿ ಬರೆದದ್ದು. ಈಗ ಲಾಸ್ ಏಂಜಲಿಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಆ ಜಗ್ಗನ್ನು ಹತ್ತಿರದಿಂದ ನೋಡಿ. ಪೆನ್ಸಿಲ್ ಗೆರೆ ಇದೆ, ನೆರಳಿಗೆ ತೆಳು ಬಣ್ಣವಿದೆ. ಹೊಳೆಯುವ ಜಾಗ ಬರೀ ಕಾಗದ! ಎಣ್ಣೆಬಣ್ಣದಲ್ಲಾದರೆ ಹೊಳಪನ್ನು ಕೊನೆಗೆ ಮೇಲಿಡಬಹುದು. ಇಲ್ಲಿ ಮೊದಲೇ ಜಾಗ ಬಿಟ್ಟಿರಬೇಕು. ನಾನೊಮ್ಮೆ ಸ್ಟೀಲ್ ಲೋಟ ಬರೆಯಲು ಕೂತು, ಮಾತಾಡುತ್ತಾ ಪೂರ್ತಿ ಬಳಿದುಬಿಟ್ಟೆ. ಲೋಟ ಹೋಗಿ ಸಿಮೆಂಟಿನ ತುಂಡಾಯಿತು.

ನನ್ನ ಪೂರಣ:

ಹಣ್ಣುಗಳ ನಡುವೆ ನೀಲಿಯ ಪಾತ್ರೆ, ಪಕ್ಕದಲಿ
ಸಣ್ಣ ಹಾಲಿನ ಹೂಜಿ ಬೆಳಗುತಿತ್ತು
ಕಣ್ಣಿಟ್ಟು ಹುಡುಕಿದೆನು, ಬಿಳಿಯ ಬಣ್ಣವೆ ಇಲ್ಲ!
ಬಣ್ಣ ಮುಟ್ಟದ ಕಡೆಯೆ ಬಣ್ಣ ಬಂತು

ಜಗ್ಗು ಪದ್ಯದಲ್ಲಿ ಹೂಜಿಯಾಗಿದೆ. ಕ್ಷಮಿಸಿ.

ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಚಿತ್ರ ಯಾಕೆ ಬೇಕು, ಬಚ್ಚಲಿಗೆ ಹೋಗಿ ನೋಡು’ ಅಂದವಳು ಸಂಜೆಯೊಳಗೆ ಇದನ್ನು ಕಳಿಸಿದಳು:

ಹಣ್ಣು ಹುಣಸೆಯ ಹಿಂಡಿ ತಾಮ್ರ ಚೊಂಬಿಗೆ ತಿಕ್ಕಿ
ತಣ್ಣೀರು ಸುರಿದವಳು ಅಮ್ಮ, ನೋಡು
ಕಣ್ಣ ಮುಂದೆಯೆ ಸಂಜೆಬಿಸಿಲು ಬಿದ್ದಿರುವಂತೆ
ಬಣ್ಣ ಮುಟ್ಟದ ಕಡೆಯೆ ಬಣ್ಣ ಬಂತು

ಎರಡನೇ ಸಾಲಿನ ‘ನೋಡು’ ಸುಮ್ನೆ ಜಾಗ ತುಂಬಿಸಲು ಬಂದಿದೆ. ಅದನ್ನು ಹೇಳಿದ್ದಕ್ಕೆ ನನ್ನ ಹೂಜಿಯನ್ನು ಎತ್ತಿ ಆಡಿದಳು. ಆದರೂ ಸಮಸ್ಯೆ ಬಿಡಿಸಿದ್ದು ಅವಳೇ ಚೆನ್ನಾಗಿ. ನಾನು ಕಾಗದ ಬಿಟ್ಟು ಆಚೆ ಬರಲಿಲ್ಲ. ಅವಳು ಕುಂಚವನ್ನೇ ಬಿಟ್ಟಳು. ಹುಳಿ ತಾಗಿ ಕಪ್ಪು ಬಿಟ್ಟ ಚೊಂಬಿನ ಆ ಕೆಂಪು ಯಾವ ಟ್ಯೂಬಿನಲ್ಲೂ ಸಿಗಲ್ಲ. ಎರಡು ನಿಮಿಷ ಒದ್ದೆ ಇರುವಾಗಲೇ ನೋಡಿಬಿಡಬೇಕು.

ಗೆದ್ದವರೇ ಮುಂದಿನ ಸಾಲು ಕೊಡಬೇಕೆಂಬುದು ನಮ್ಮ ಮನೆಯ ಪದ್ಧತಿ. ಅವಳ ಸಾಲು: ‘ತುಂಬಿದ ಕೊಡವೆ ತುಳುಕಿ ನಕ್ಕಿತಲ್ಲ’. ಪ್ರಾಸಕ್ಕೆ ಚೊಂಬು, ತಂಬಿಗೆ ಎರಡೂ ಕೈಗೆ ಸಿಗುವಲ್ಲೇ ಇವೆ.