ಕ್ಯಾನ್ಸರ್ ರೋಗಿಯಲ್ಲಿ ಕ್ಯಾಲ್ಸಿಯಂ ಏರಿದೆಯೆಂಬ ಸಂಶಯ: ಮೊದಲು ಯಾವ ರಕ್ತಪರೀಕ್ಷೆ?

ಬಸವನಗುಡಿ ನಿವಾಸಿ: ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ನಮ್ಮ ಮಾವನವರಿಗೆ ಕೆಲವು ದಿನಗಳಿಂದ ಮಂಪರು, ವಿಪರೀತ ಬಾಯಾರಿಕೆ, ಮಲಬದ್ಧತೆ. ರಿಪೋರ್ಟಿನಲ್ಲಿ ಒಟ್ಟು ಕ್ಯಾಲ್ಸಿಯಂ 10.2, ಅಲ್ಬುಮಿನ್ 2.4 ಎಂದಿದೆ, ಕ್ಯಾಲ್ಸಿಯಂ ಮಿತಿ 10.5 ಆದ್ದರಿಂದ ಅದರ ಮುಂದೆ ಯಾವ ಗುರುತೂ ಇಲ್ಲ. ಆದರೂ ವೈದ್ಯರು ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಪರೀಕ್ಷೆ ಬರೆದುಕೊಟ್ಟಿದ್ದಾರೆ. ಪರಿಚಿತರೊಬ್ಬರು ಪಿಟಿಎಚ್‌ಆರ್‌ಪಿ (ಪಿಟಿಎಚ್ ಅನ್ನು ಹೋಲುವ ಪ್ರೋಟೀನು) ಮಾಡಿಸಿ ಎನ್ನುತ್ತಾರೆ. ಯಾವುದು ಸರಿ?

ಲ್ಯಾಬ್ ತಂತ್ರಜ್ಞೆ, ಜಯನಗರ: ಗುರುತಿಲ್ಲವೆಂದು ಸಮಾಧಾನಪಡಬೇಡಿ. ರಕ್ತದ ಕ್ಯಾಲ್ಸಿಯಮ್ಮಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪ್ರೋಟೀನಿಗೆ, ಮುಖ್ಯವಾಗಿ ಅಲ್ಬುಮಿನ್ನಿಗೆ, ಅಂಟಿಕೊಂಡಿರುತ್ತದೆ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯಿದೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸಬೇಕು: 1.6ಕ್ಕೆ 1.28, ಒಟ್ಟು ಸುಮಾರು 11.5. ಇದು ಹೆಚ್ಚೇ. ಈ ಸೂತ್ರವೂ ಅಂದಾಜಿನದು. ಸಾಧ್ಯವಿದ್ದರೆ ಅಯಾನೈಸ್ಡ್ ಕ್ಯಾಲ್ಸಿಯಂ, ಅಂದರೆ ಯಾವುದಕ್ಕೂ ಅಂಟಿಕೊಳ್ಳದ ಭಾಗವನ್ನು, ನೇರವಾಗಿ ಅಳೆಸಿ.

ವೈದ್ಯ, ಮಲ್ಲೇಶ್ವರ: ನಿಮ್ಮ ವೈದ್ಯರ ಕ್ರಮ ಸರಿಯಾಗಿದೆ. ಕ್ಯಾಲ್ಸಿಯಂ ಏರಿದಾಗ ಆರೋಗ್ಯವಂತ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸುಮ್ಮನಾಗುವುದರಿಂದ ಪಿಟಿಎಚ್ ಇಳಿಯಬೇಕು. ಇಳಿದಿದ್ದರೆ ಕ್ಯಾನ್ಸರಿನ ಕಡೆಗೆ ಸಂಶಯ ಗಟ್ಟಿಯಾಗುತ್ತದೆ; ಇಳಿಯದಿದ್ದರೆ ಗ್ರಂಥಿಯ ಕಾಯಿಲೆಯೂ ಇರಬಹುದು. ಕ್ಯಾನ್ಸರ್ ಇದ್ದವರಿಗೆ ಅದು ಬರಬಾರದೆಂಬ ನಿಯಮವೇನಿಲ್ಲ.

ಸ್ನಾತಕೋತ್ತರ ವಿದ್ಯಾರ್ಥಿ: ಒಪ್ಪುತ್ತೇನೆ, ಆದರೆ ಪಿಟಿಎಚ್‌ಆರ್‌ಪಿಯನ್ನು ಬದಿಗಿಡುವುದು ನನಗೆ ಸರಿಕಾಣದು. ಗಡ್ಡೆಯೇ ಇಂಥ ಹಾರ್ಮೋನು ಸ್ರವಿಸುತ್ತಿರಬಹುದೆಂದು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಊಹಿಸಿದ್ದರು. ಆ ಪ್ರೋಟೀನು ಕೈಗೆ ಸಿಕ್ಕಿದ್ದು 1987ರಲ್ಲಿ. ಕ್ಯಾನ್ಸರಿನಿಂದ ಕ್ಯಾಲ್ಸಿಯಂ ಏರಿದವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಅದೇ ಕಾರಣವೆಂದಾದರೆ, ಅಳೆಯದೆ ಬಿಡುವುದೇಕೆ?

ವೈದ್ಯ, ಮಲ್ಲೇಶ್ವರ: ಅಳೆಯಬಾರದೆಂದಲ್ಲ, ಅದಕ್ಕಾಗಿ ಕಾಯಬಾರದು. ಕ್ಯಾನ್ಸರ್ ಇರುವುದು ಗೊತ್ತಾಗಿ ಪಿಟಿಎಚ್ ಇಳಿದಿದ್ದರೆ, ಸಲೈನ್ ಡ್ರಿಪ್ಸನ್ನಾಗಲಿ ಜೋಲೆಡ್ರೋನಿಕ್ ಆಮ್ಲವನ್ನಾಗಲಿ (ಮೂಳೆ ಕರಗುವುದನ್ನು ತಡೆಯುವ ಔಷಧ) ಕೊಡುವ ನಿರ್ಧಾರ ಪಿಟಿಎಚ್‌ಆರ್‌ಪಿಯ ಅಂಕಿಯಿಂದ ಸಾಮಾನ್ಯವಾಗಿ ಬದಲಾಗದು. ಕ್ಯಾನ್ಸರ್ ಇನ್ನೂ ಪತ್ತೆಯಾಗದವರಲ್ಲಿ ಅದರ ಬೆಲೆ ಬೇರೆ. ಅಂಕಿ ಸಹಜವಾಗಿ ಬಂದರೂ ಕ್ಯಾನ್ಸರ್ ನಿರ್ದೋಷಿಯಾಗುವುದಿಲ್ಲ: ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್) ಮೂಳೆಯನ್ನೇ ಕರಗಿಸುತ್ತದೆ, ಕೆಲವು ಲಿಂಫೋಮಾಗಳು (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರುಗಳು) ವಿಟಮಿನ್ ಡಿಯ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಯಾಲ್ ತಯಾರಿಸುತ್ತವೆ. ಲಿಂಫೋಮಾದ ಸಂಶಯವಿದ್ದಾಗ ಅಳೆಯಬೇಕಾದದ್ದು ಈ ಕ್ಯಾಲ್ಸಿಟ್ರಯಾಲನ್ನು. ದಿನನಿತ್ಯ ಮಾಡಿಸುವ 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ ಅದನ್ನು ತೋರಿಸದು.

ಲ್ಯಾಬ್ ತಂತ್ರಜ್ಞೆ, ಜಯನಗರ: ಮೈಲೋಮಾದಲ್ಲಿ ಇನ್ನೊಂದು ತೊಡಕಿದೆ. ಅಪರೂಪಕ್ಕೆ ಅದರ ಅಸಹಜ ಪ್ರೋಟೀನೇ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಒಟ್ಟು ಅಂಕಿಯನ್ನು ಏರಿಸುತ್ತದೆ, ಅಯಾನೈಸ್ಡ್ ಮಾತ್ರ ಸಹಜವಾಗಿರುತ್ತದೆ. ಪಿಟಿಎಚ್‌ಆರ್‌ಪಿಯಾದರೋ ಬಹಳ ನಾಜೂಕು; ಸ್ಯಾಂಪಲ್ಲನ್ನು ಸರಿಯಾದ ಟ್ಯೂಬಿನಲ್ಲಿ ತೆಗೆದು, ತಣ್ಣಗಿಟ್ಟು, ಬೇಗ ಬೇರ್ಪಡಿಸದಿದ್ದರೆ ಪ್ರೋಟೀನು ಒಡೆದು ಫಲಿತಾಂಶ ಸುಳ್ಳಾಗಿ ಕಡಿಮೆ ಬರುತ್ತದೆ. ತೋಳಿಗೆ ಕಟ್ಟುವ ಪಟ್ಟಿಯನ್ನು ಬಹಳ ಹೊತ್ತು ಬಿಗಿದರೆ ಒಟ್ಟು ಕ್ಯಾಲ್ಸಿಯಮ್ಮೇ ತುಸು ಏರಿ ಕಾಣಿಸುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿ: ಸರಿ, ಆದರೂ ಪಿಟಿಎಚ್‌ಆರ್‌ಪಿ ಬಹಳ ಏರಿದವರಲ್ಲಿ ಜೋಲೆಡ್ರೋನಿಕ್ ಆಮ್ಲದ ಪರಿಣಾಮ ಕಡಿಮೆಯಿರಬಹುದೆಂಬುದು ಗೊತ್ತಿದ್ದರೆ ವೈದ್ಯರು ಮುಂಚಿತವಾಗಿಯೇ ಎಚ್ಚರವಾಗಿರಬಹುದಲ್ಲ.

ವೈದ್ಯ, ಮಲ್ಲೇಶ್ವರ: ಆ ಮಟ್ಟಿಗೆ ನಿಮ್ಮ ಮಾತು ನ್ಯಾಯವೇ. ಚಿಕಿತ್ಸೆಗೆ ಮೊದಲು ಸ್ಯಾಂಪಲ್ ತೆಗೆದಿಡಲಿ, ಫಲಿತಾಂಶ ಬಂದಾಗ ಬರಲಿ. ಬಸವನಗುಡಿಯವರೇ, ಮಂಪರಿರುವ ರೋಗಿಯನ್ನು ಮನೆಯಲ್ಲಿಟ್ಟುಕೊಂಡು ರಿಪೋರ್ಟಿಗೆ ಕಾಯಬೇಡಿ. ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮಾಡಿಸಿ. ಅವರು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ತೋರಿಸಿ, ಏಕೆಂದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್‌ಗಳನ್ನೂ ನಿಲ್ಲಿಸಬೇಕಾಗಬಹುದು.