ಪ್ರಶ್ನೋತ್ತರ: ಖಿನ್ನತೆಯೋ ಬೈಪೋಲಾರೋ, ರಕ್ತ ಹೇಳುತ್ತದೆಯೇ?

ಗುಬ್ಬಚ್ಚಿ: ಮೇಡಂ, ಖಿನ್ನತೆ ಪತ್ತೆಗೆ ಸೆರೊಟೋನಿನ್ ಟೆಸ್ಟ್ ಮಾಡಿಸಬೇಕಾ?

ಡಾಕ್ಟರ್: ಬೇಡ. ಸೆರೊಟೋನಿನ್ ಮಿದುಳಲ್ಲಿ ಸಂದೇಶ ಒಯ್ಯುವ ರಾಸಾಯನಿಕ ನಿಜ, ಆದರೆ ರಕ್ತದಲ್ಲಿರುವುದು ಬಹುಪಾಲು ಕರುಳಲ್ಲಿ ತಯಾರಾಗಿ ಪ್ಲೇಟ್‌ಲೆಟ್‌ಗಳಲ್ಲಿ ಕೂತಿರುತ್ತದೆ. ಮಿದುಳಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಹಳೇಸೈಕಲ್: ತಮ್ಮನಿಗೆ 22. ಖಿನ್ನತೆ ಅಂತ ಐದು ವಾರದಿಂದ ಮಾತ್ರೆ ತಗೊಳ್ತಿದ್ದಾನೆ. ಹತ್ತು ದಿನದಿಂದ ಮೂರೇ ಗಂಟೆ ನಿದ್ದೆ, ಆದರೂ ಸುಸ್ತಿಲ್ಲ. ನಿನ್ನೆ ಬೆಳಗಿನ ಜಾವ ಗೋಡೆ ಗಡಿಯಾರ ಬಿಚ್ಚಿ ಹರಡಿಕೊಂಡು ಕೂತಿದ್ದ, ಮಾತು ನಿಲ್ಲಿಸಲೇ ಇಲ್ಲ. ಮನೆಯವರು ಹುಷಾರಾದ ಅಂತ ಖುಷಿಯಲ್ಲಿದ್ದಾರೆ. ಪೂರ್ತಿ ವಾಸಿಯಾಗಿದೆಯಾ ಅಂತ ಯಾವ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ?

ಡಾಕ್ಟರ್: ಪರೀಕ್ಷೆ ಆಮೇಲೆ. ಮಾತ್ರೆ ಬರೆದ ವೈದ್ಯರಿಗೆ ಇವತ್ತೇ, ಈಗಲೇ ಫೋನ್ ಮಾಡಿ. ಬೈಪೋಲಾರ್ ಅಂದರೆ ಒಮ್ಮೆ ಖಿನ್ನತೆ, ಒಮ್ಮೆ ಅತಿ ಉತ್ಸಾಹದ ಉನ್ಮಾದ ಬರುವ ಕಾಯಿಲೆ. ಅದಿರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಉನ್ಮಾದದ ಕಡೆ ವಾಲುತ್ತಾರೆ. ನಿದ್ದೆ ಬಾರದೆ ಒದ್ದಾಡುವುದು ಬೇರೆ, ನಿದ್ದೆಯೇ ಬೇಡ ಅನ್ನಿಸುವುದು ಬೇರೆ. ನೀವು ಬರೆದದ್ದು ಎರಡನೆಯದು, ಅದಕ್ಕೇ ನನಗೆ ಗಾಬರಿ. ಮಾತ್ರೆ ನಿಲ್ಲಿಸುವುದೋ ಬದಲಿಸುವುದೋ ಅವರೇ ಹೇಳಲಿ. ಹಿಂದೆ ಯಾವಾಗಲಾದರೂ ಹೀಗಿದ್ದನೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇತ್ತೇ, ಬರೆದುಕೊಂಡು ಹೋಗಿ. ಅಲ್ಲಿಯವರೆಗೆ ಗಾಡಿ ಕೀ, ಬ್ಯಾಂಕ್ ಕಾರ್ಡ್ ನಿಮ್ಮ ಹತ್ತಿರ ಇರಲಿ. ಸಾಯುವ ಮಾತೋ ಹೊಡೆದಾಟವೋ ಬಂದರೆ ನೇರ ತುರ್ತು ವಿಭಾಗಕ್ಕೆ.

ರಕ್ತಪರೀಕ್ಷೆಯ ಕಥೆ ಹಳೆಯದು. ರಾತ್ರಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನುಂಗಿಸಿ ಮರುದಿನ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಅಳೆದರೆ ತೀವ್ರ ಖಿನ್ನತೆ ಸಿಕ್ಕಿಬೀಳುತ್ತದೆ ಅಂತ 1981ರಲ್ಲಿ ಸಂಭ್ರಮಪಟ್ಟರು. ಆಮೇಲೆ ನೋಡಿದರೆ ಮರೆವಿನ ಕಾಯಿಲೆಯವರಲ್ಲೂ, ತೂಕ ಇಳಿದವರಲ್ಲೂ ಅದೇ ಫಲಿತಾಂಶ. 2023ರಲ್ಲಿ ಕೇಂಬ್ರಿಡ್ಜ್‌ನವರು ಒಣಗಿದ ರಕ್ತದ ಹನಿಯಲ್ಲಿ ಸೆರಮೈಡ್‌ನಂಥ ಕೊಬ್ಬಿನಂಶ ಹುಡುಕಿದರು. ಖಿನ್ನತೆ ಅಂತ ಚೀಟಿ ಅಂಟಿಸಿಕೊಂಡ ಬೈಪೋಲಾರ್ ರೋಗಿಗಳಲ್ಲಿ ರಕ್ತವೊಂದರಿಂದಲೇ ಗುರುತಾದವರು ಹೆಚ್ಚೆಂದರೆ ಶೇ. 30. ಪ್ರಶ್ನಾವಳಿ ಜೊತೆ ಸೇರಿಸಿದಾಗ ಇನ್ನೂ ಚೆನ್ನಾಗಿತ್ತು. ಕುತೂಹಲದ ಕೆಲಸವೇ. ಆದರೆ ನಿಮ್ಮ ತಮ್ಮನಿಗೆ ಇವತ್ತು ಆ ಗಡಿಯಾರವೇ ದೊಡ್ಡ ಸೂಚಕ.

ಕಾಮನಬಿಲ್ಲು: ಫಾರ್ವರ್ಡ್ ಬಂದಿದೆ: 'ಉಪ್ಪು ಪೂರ್ತಿ ಬಿಟ್ಟರೆ ಮೂಡ್ ಸ್ಥಿರ. ಲಿಥಿಯಂನವರೂ ಮಾಡಬಹುದು.' ಎಲ್ಲರಿಗೂ ಉಪಯೋಗವಾಗಲಿ 🙏

ಡಾಕ್ಟರ್: ಅಳಿಸಿ. ಉಪ್ಪು ದಿಢೀರ್ ಇಳಿದರೆ ಬೈಪೋಲಾರ್‌ಗೆ ಕೊಡುವ ಲಿಥಿಯಂ ಔಷಧವನ್ನು ಮೂತ್ರಪಿಂಡ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಜೋರು ಕೈನಡುಕ, ವಾಂತಿಭೇದಿ, ತೊದಲು, ಕೊನೆಗೆ ಐಸಿಯು. ಯಾರಿಗೆ ಉಪಯೋಗ ಅದು?

ಕಾಮನಬಿಲ್ಲು: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ನಾನು ಬರೆದದ್ದಲ್ಲವಲ್ಲ.

ನೀಲಿಶಾಯಿ: ಖಿನ್ನತೆ ಅಂದ್ರೆ ಉರಿಯೂತ ಅಷ್ಟೇ. ರಕ್ತದಲ್ಲಿ ಉರಿಯೂತ ತೋರಿಸೋ ಸಿಆರ್‌ಪಿ ನಮ್ಮಕ್ಕನಿಗೆ 7 ಇತ್ತು.

ಹಳ್ಳದದಂಡೆ: ನೆಗಡಿಯಾದರೂ ಸಿಆರ್‌ಪಿ ಏರುತ್ತೆ ಮಾರಾಯ.

ನೀಲಿಶಾಯಿ: ನೀವು ಡಾಕ್ಟರಾ?

ಹಳ್ಳದದಂಡೆ: ಅಲ್ಲ. ನೀವೂ ಅಲ್ಲ.

ಡಾಕ್ಟರ್: ಇಬ್ಬರದೂ ಅರ್ಧರ್ಧ ಸರಿ. 2013ರಲ್ಲಿ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟು ನೋಡಿದರು. ಒಟ್ಟಾರೆ ಖಿನ್ನತೆ ತಗ್ಗಲಿಲ್ಲ, ಸಿಆರ್‌ಪಿ 5ಕ್ಕಿಂತ ಹೆಚ್ಚಿದ್ದವರಲ್ಲಿ ಮಾತ್ರ ಸ್ವಲ್ಪ ಆಸೆ ಹುಟ್ಟಿತು. ಕೆಲವರ ಖಿನ್ನತೆ, ಎಲ್ಲರದ್ದಲ್ಲ. ಜಗಳ ಸಾಕು.

ಅರಳಿಕಟ್ಟೆ: ಲಿಥಿಯಂ ಮಟ್ಟಕ್ಕೆ ರಕ್ತ ಯಾವಾಗ ಕೊಡಬೇಕು?

ಡಾಕ್ಟರ್: ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗದೆ ಹೋಗಿ.

ಸಂಜೆಮಲ್ಲಿಗೆ: ಜೀನ್ ಟೆಸ್ಟ್ ಮಾಡಿಸಿದ್ರೆ ಮಕ್ಕಳಿಗೆ ಬರುತ್ತಾ ಇಲ್ವಾ ಗೊತ್ತಾಗುತ್ತಾ ಮೇಡಂ?

ಹೊಸಬ: ಸೆರೊಟೋನಿನ್ ಟೆಸ್ಟ್ ಮಾಡಿಸಬಹುದಾ?

ಡಾಕ್ಟರ್: ಮೇಲೆ ಓದಿ.

ಹೊಸಬ: ಒಂದು ಸಾಲು ಬರೆದ್ರೆ ಏನಾಗ್ತಿತ್ತು...

ಡಾಕ್ಟರ್: ಹಳೇಸೈಕಲ್, ಫೋನ್ ಮಾಡಿದಿರಾ?

ಸಂಜೆಮಲ್ಲಿಗೆ: ಮೇಡಂ, ಜೀನ್ ಟೆಸ್ಟ್?

ಹಳೇಸೈಕಲ್: ಮಾಡಿದೆ. ಸಂಜೆ 5ಕ್ಕೆ ಕರೆದುಕೊಂಡು ಬನ್ನಿ ಅಂದರು. ಅವನು ಬರಲ್ಲ ಅಂತಾನೆ, ಅಮ್ಮ ಅವನ ಪರ.