ನಾರ್ವೆಯ 17ನೇ ನಂಬರ್ ರಸ್ತೆ: ಫೆರಿ ತಪ್ಪಿದ ದಿನ

ಪ್ರಶ್ನೆ: ಜುಲೈನಲ್ಲಿ ನಾರ್ವೆಗೆ ಹೋಗುತ್ತಿದ್ದೇವೆ. ನೆಸ್ನಾದಿಂದ ಬೋಡೋಗೆ ಕರಾವಳಿ ರಸ್ತೆಯಲ್ಲೇ ಒಂದು ದಿನದಲ್ಲಿ ತಲುಪಬಹುದಾ? ಜೊತೆಗೆ ಇಬ್ಬರು ಮಕ್ಕಳು. ಹೋಗಿ ಬಂದವರು ದಯವಿಟ್ಟು ಹೇಳಿ.

ತಲುಪಬಹುದು. ಆದರೆ ಕಿಲೋಮೀಟರ್ ಲೆಕ್ಕ ಹಾಕಿ ಹೊರಡಬೇಡಿ, ಫೆರಿ (ಕಾರು ಸಮೇತ ನೀರು ದಾಟಿಸುವ ಹಡಗು) ಸಮಯ ನೋಡಿ ಹೊರಡಿ. ನಾವು ಹಾಗೆ ಮಾಡದೆ ಇಡೀ ದಿನ ಒದ್ದಾಡಿದೆವು.

ಸ್ಟೈನ್‌ಶೇರ್‌ನಿಂದ ಬೋಡೋವರೆಗೆ ಈ ರಸ್ತೆ ಸುಮಾರು 650 ಕಿ.ಮೀ. ನಡುವೆ ಆರು ಫೆರಿ. ನಿಮ್ಮ ದಾರಿಯಲ್ಲಿ ಬರುವುದು ಎರಡು. ಮೊದಲನೆಯದು ಕಿಲ್‌ಬೋಗ್‌ಹಾಮ್ನ್‌ನಿಂದ ಯೆಕ್ಟ್‌ವಿಕ್‌ಗೆ, ಸುಮಾರು ಒಂದು ಗಂಟೆ. ಆರ್ಕ್ಟಿಕ್ ವೃತ್ತ, ಅಂದರೆ ಉತ್ತರ ಧ್ರುವ ಪ್ರದೇಶ ಶುರುವಾಗುವ ಗೆರೆ, ದಾಟುವುದು ಈ ಫೆರಿಯಲ್ಲೇ. ನಾವು ಅದಕ್ಕಾಗಿಯೇ ಒಳನಾಡಿನ ಇ6 ಹೆದ್ದಾರಿ ಬಿಟ್ಟು ಇತ್ತ ಬಂದಿದ್ದು.

ಬೆಳಿಗ್ಗೆಯಿಂದ ಮಳೆ. ರಸ್ತೆ ಕಿರಿದು, ಮುಂದೆ ಎರಡು ಕ್ಯಾಂಪರ್ ವ್ಯಾನ್. ದಕ್ಕೆಗೆ ಬಂದಾಗ ಹಳದಿ ಜಾಕೆಟ್ ಹಾಕಿದ ಹುಡುಗ ನಮ್ಮ ಮುಂದಿನ ಕಾರನ್ನು ಒಳಗೆ ಬಿಟ್ಟು ನಮಗೆ ಕೈ ಅಡ್ಡ ಹಿಡಿದ. ಜಾಗ ತುಂಬಿತ್ತು. ನಮ್ಮ ಕಣ್ಣೆದುರೇ ಕಬ್ಬಿಣದ ಹಲಗೆ ಮೇಲೆದ್ದಿತು, ಫೆರಿ ಹೊರಟೇಹೋಯಿತು. ಮುಂದಿನದಕ್ಕೆ ಎರಡು ಗಂಟೆಗೂ ಜಾಸ್ತಿ ಕಾಯಬೇಕಿತ್ತು. ಅವತ್ತು ಭಾನುವಾರ ಬೇರೆ, ದಾರಿಯಲ್ಲಿ ಸಿಕ್ಕಿದ ದಿನಸಿ ಅಂಗಡಿಗಳೆಲ್ಲ ಮುಚ್ಚಿದ್ದವು. ಡಬ್ಬಿಯಲ್ಲಿದ್ದ ನಾಲ್ಕು ಚಪಾತಿ, ಚಟ್ನಿಪುಡಿಯಲ್ಲೇ ಮಕ್ಕಳ ಹೊಟ್ಟೆ ತುಂಬಿಸಿದೆವು. ಗಾಜೆಲ್ಲ ಮಂಜಾಗಿತ್ತು, ಮಗಳು ಅದರ ಮೇಲೆ ಬೆರಳಲ್ಲಿ ದೋಣಿ ಬರೆಯುತ್ತಾ ಕೂತಳು. ನನಗೆ ಅಳು ಬರುವುದೊಂದು ಬಾಕಿ.

ಕೊನೆಗೂ ಫೆರಿ ಹತ್ತಿದೆವು. ವೃತ್ತದ ಗುರುತಿಗೆ ದಡದಲ್ಲಿ ನಿಲ್ಲಿಸಿರುವ ಗೋಳ ಮಳೆಯಲ್ಲಿ ಮಸುಕಾಗಿ ಕಂಡಿತು, ಅಷ್ಟೇ. ಎರಡನೇ ಫೆರಿ ಓಗ್‌ಸ್ಕಾರ್ಡೆಟ್‌ನಿಂದ ಫೋರೊಯ್‌ಗೆ, ಹತ್ತೇ ನಿಮಿಷ. ಅದಾದ ಮೇಲೆ ನೀರಿನಾಚೆ ಸ್ವಾರ್ಟಿಸೆನ್ ಹಿಮನದಿ ಕಾಣಬೇಕು. ನಮಗೆ ಮೋಡ ಮಾತ್ರ ಕಂಡಿತು.

ಹೆಚ್ಚು ಬೇಜಾರಾಗಿದ್ದು ಬೋಡೋ ಹತ್ತಿರದ ಸಾಲ್ಟ್‌ಸ್ಟ್ರೌಮೆನ್‌ನಲ್ಲಿ. ಸುಮಾರು 150 ಮೀಟರ್ ಅಗಲದ ಕಡಲ ಸಂದಿಯಲ್ಲಿ ಉಬ್ಬರ, ಇಳಿತದ ನೀರು ಸುಳಿ ಸುಳಿಯಾಗಿ ನುಗ್ಗುವ ಜಾಗ ಅದು. ಆರು ಗಂಟೆಗೊಮ್ಮೆ ದಿಕ್ಕು ಬದಲಾಗುತ್ತದೆ. ನಾವು ಮುಟ್ಟಿದ್ದು ಸರಿಯಾಗಿ ಆ ಬದಲಾಗುವ ಹೊತ್ತಿಗೆ. ನೀರು ಕೆರೆಯ ಹಾಗೆ ಸುಮ್ನೆ ನಿಂತಿತ್ತು.

ಇನ್ನೊಬ್ಬರು: ನಾವು ಹಿಂದಿನ ರಾತ್ರಿ ಫೆರಿ ದಕ್ಕೆಯ ಹತ್ತಿರವೇ ಉಳಿದು ಬೆಳಗಿನ ಮೊದಲ ಫೆರಿ ಹಿಡಿದೆವು. ಸಾಲಿನಲ್ಲಿ ನಮ್ಮದು ಮೂರನೇ ಕಾರು. ಸಾಲ್ಟ್‌ಸ್ಟ್ರೌಮೆನ್‌ನ ನೀರಿನ ಸಮಯ ಮೊದಲೇ ನೋಡಿಕೊಂಡು, ಅದಕ್ಕೆ ಸರಿಯಾಗಿ ಉಳಿದದ್ದನ್ನು ಹಿಂದಕ್ಕೆ ಲೆಕ್ಕ ಹಾಕಿ. ಸುಳಿಯ ಸದ್ದು ಸೇತುವೆ ಮೇಲಕ್ಕೂ ಕೇಳುತ್ತದೆ.

ಮತ್ತೊಬ್ಬರು: ಮಕ್ಕಳಿದ್ದಾರೆ ಅಂದಿರಲ್ವಾ, ಎರಡು ದಿನ ಇಟ್ಟುಕೊಳ್ಳಿ. ಜುಲೈನಲ್ಲಿ ರಾತ್ರಿಯೂ ಬೆಳಕಿರುತ್ತದೆ, ನಮಗೆ ಹಿಮನದಿ ಕಂಡಿದ್ದು ರಾತ್ರಿ ಹತ್ತಕ್ಕೆ, ಮೋಡ ಸರಿದ ಮೇಲೆ. ಶನಿವಾರವೇ ಹಾಲು, ಬ್ರೆಡ್, ಹಣ್ಣು ತಗೊಂಡುಬಿಡಿ.